ಅಮ್ಮ ನಡೆದದ್ದು ಸ್ವಲ್ಪವೇ, ಆದ್ರೂ ಕ್ಯೂನಲ್ಲಿ ಕುಸಿದು ಬಿದ್ದದ್ದು ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ದು ದಾವಣಗೆರೆ. ಮಾರ್ಚ್ ಕೊನೇಲಿ ಅಪ್ಪ (68) ಅಮ್ಮ (63) ಇಬ್ರನ್ನೂ ಕರ್ಕೊಂಡು ಒಂದೇ ದಿನದ ಟ್ರಿಪ್ ಅಂತ ಮಂಗಳೂರಿಗೆ ಬಂದಿದ್ವಿ. ರಾತ್ರಿ ಬಸ್ಸು, ಘಾಟಿಲಿ ವಾಂತಿ ಆಗುತ್ತೆ ಅಂತ ಅಮ್ಮ ಹತ್ತೋಕೆ ಮುಂಚೆ ಒಂದು ಮಾತ್ರೆ, ನಡುರಾತ್ರಿ ಇನ್ನೊಂದು ತಗೊಂಡ್ರು. ಬೆಳಗ್ಗೆ ಐದೂವರೆಗೆ ಇಳಿದ್ವಿ, ರೂಮ್ ಸಿಗೋದು ಹನ್ನೆರಡಕ್ಕೆ ಅಂದ್ರು, ಹಂಗಾಗಿ ಮುಖ ತೊಳ್ಕೊಂಡು ಸೀದಾ ಕದ್ರಿ, ಆಮೇಲೆ ಕುದ್ರೋಳಿ, ಅಲೋಶಿಯಸ್ ಚಾಪೆಲ್ ನೋಡಿದ್ವಿ. ಅಮ್ಮ ದರ್ಶನ ಎಲ್ಲಾ ಮುಗಿಯೋವರ್ಗೂ ಊಟ ಮಾಡಲ್ಲ, ಬೆಳಗ್ಗೆ ಬಿಪಿ, ಶುಗರ್ ಮಾತ್ರೆ ಮಾತ್ರ ನುಂಗಿದ್ರು. ಹನ್ನೊಂದೂವರೆ ಹೊತ್ತಿಗೆ ಇನ್ನೊಂದು ದೇವಸ್ಥಾನದ ಕ್ಯೂನಲ್ಲಿ ಒಂದು ಗಂಟೆ ನಿಂತಿದ್ವಿ, ಅಮ್ಮ ಕಣ್ಣು ಕತ್ಲೆ ಬರ್ತಿದೆ ಅಂದ್ರು, ಅಷ್ಟರಲ್ಲೇ ನನ್ನ ಮೇಲೆ ಕುಸಿದ್ರು. ಮೈಯೆಲ್ಲಾ ಬೆವರು. ಜನ ಎತ್ತಿ ಕುರ್ಚಿ ಮೇಲೆ ಕೂರಿಸಿದ್ರು, ಮತ್ತೆ ಪ್ರಜ್ಞೆ ತಪ್ಪಿತು. ಹತ್ರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿ ಕಳಿಸಿದ್ರು. ಅಪ್ಪನ ಕಾಲೂ ಬಾತಿತ್ತು. ಆಟೋ ಕಾರಲ್ಲೇ ಓಡಾಡಿದ್ದು, ನಡೆದಿದ್ದು ಎರಡು ಕಿಲೋಮೀಟರೂ ಇಲ್ಲ. ಊರಲ್ಲಿ 38 ಡಿಗ್ರಿಲಿ ಕೆಲಸ ಮಾಡೋ ಹೆಂಗಸು, ಅಲ್ಲಿ 33 ಇತ್ತು ಅಷ್ಟೇ. ದೃಷ್ಟಿ ಆಗಿದೆ ಅಂತ ಅತ್ತೆ, ಕುಚ್ಚಲಕ್ಕಿ ಊರಿನ ಹವಾ ನಮಗೆ ಆಗಿಬರಲ್ಲ ಅಂತ ಚಿಕ್ಕಪ್ಪ. ಮೇ ಮೊದಲ ವಾರ ಉಡುಪಿ ಕೃಷ್ಣ ಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ ಒಂದೇ ದಿನದಲ್ಲಿ ಮುಗಿಸೋಣ ಅಂತ ಅಮ್ಮನೇ ಹಠ ಹಿಡಿದಿದ್ದಾರೆ. ಕರ್ಕೊಂಡು ಹೋಗ್ಬಹುದಾ? ನಾನೇ ತಪ್ಪು ಮಾಡಿದ್ನಾ ಅಂತ ರಾತ್ರಿ ನಿದ್ದೆ ಬರ್ತಿಲ್ಲ. ಮಾತ್ರೆಗಳ ಫೋಟೋ ಕಳಿಸಿದ್ದೀನಿ.

ಉತ್ತರ: ತಾಯಿಯನ್ನ ಊರು ತೋರಿಸ್ಲಿಕ್ಕೆ ಕರ್ಕೊಂಡು ಬಂದದ್ದು ತಪ್ಪಲ್ಲ ಮಾರಾಯ್ರೆ, ಅದನ್ನ ಮೊದ್ಲು ತಲೆಯಿಂದ ತೆಗೀರಿ. ನಾನು ಮಂಗಳೂರಲ್ಲಿ 25 ವರ್ಷದಿಂದ ಪ್ರಾಕ್ಟೀಸ್ ಮಾಡ್ತಾ ಇದ್ದೇನೆ, ಮಾರ್ಚಿಂದ ಮೇ ವರೆಗೆ ಮತ್ತೆ ದಸರಾ ಟೈಮಲ್ಲಿ ನಿಮ್ಮ ಅಮ್ಮನ ಹಾಗೆ ಘಟ್ಟದ ಮೇಲಿಂದ ಬಂದವರು ವಾರಕ್ಕೆ ಒಬ್ಬರಾದ್ರೂ ನನ್ನ ಕ್ಲಿನಿಕ್‌ಗೆ ಬರ್ತಾರೆ, ಹೆಚ್ಚಿನವರದ್ದು ಇದೇ ಕಥೆ. ರಾತ್ರಿ ಬಸ್ಸು, ಖಾಲಿ ಹೊಟ್ಟೆ, ಕ್ಯೂ.

ಆದ್ರೆ ಸಮಾಧಾನ ಹೇಳೋ ಮೊದ್ಲು ಒಂದು ಕೆಲಸ ಉಂಟು. 63 ವರ್ಷ, ಬಿಪಿ, ಶುಗರ್, ಪ್ರಜ್ಞೆ ತಪ್ಪಿದ್ದು, ಇಷ್ಟಿದ್ರೆ ಒಂದು ಇಸಿಜಿ ಆಗ್ಲೇಬೇಕು. ನಿಮ್ಮ ಪತ್ರದಲ್ಲಿ ಎಲ್ಲೂ ಇಸಿಜಿ ಮಾತಿಲ್ಲ. ಶುಗರ್ ಇರುವವರಿಗೆ, ಅದ್ರಲ್ಲೂ ಹೆಂಗಸರಿಗೆ, ಎದೆನೋವೇ ಇಲ್ಲದೆ ಬರೀ ತಣ್ಣನೆ ಬೆವರು, ಸುಸ್ತು, ಉಬ್ಬಸ, ಹೊಟ್ಟೆ ತೊಳೆಸೋದು ಅಂತ ಹಾರ್ಟ್ ಅಟ್ಯಾಕ್ ಬರ್ಬಹುದು, ಅದನ್ನ ಜನ ಸೆಕೆ ಅಂತ, ಗ್ಯಾಸ್ ಅಂತ ಬಿಟ್ಟುಬಿಡ್ತಾರೆ. ನಿಮ್ಮ ಅಮ್ಮಂದು ಅದಲ್ಲ ಅಂತಲೇ ನನ್ಗೆ ಅನ್ನಿಸೋದು, ಯಾಕಂದ್ರೆ ತುಂಬ ಹೊತ್ತು ನಿಂತ ಮೇಲೆ ಆದದ್ದು, ಬೀಳೋ ಮೊದ್ಲು ಕಣ್ಣು ಕತ್ತಲೆ ಬಂದು ಸೂಚನೆ ಸಿಕ್ಕಿದೆ. ನಡೀತಾ ಇರುವಾಗ ಅಥವಾ ಮಲಗಿದ್ದಾಗ ಸೂಚನೆನೇ ಇಲ್ದೆ ಬಿದ್ದಿದ್ರೆ ನಾನು ಈ ಪತ್ರಕ್ಕೆ ಉತ್ತರ ಬರೆಯೋದು ಬಿಟ್ಟು ಇವತ್ತೇ ಹಾರ್ಟ್ ಡಾಕ್ಟ್ರ ಹತ್ರ ಹೋಗಿ ಅಂತಿದ್ದೆ. ಆದ್ರೂ ಅನ್ನಿಸಿಕೆ ಬೇರೆ, ಇಸಿಜಿ ಬೇರೆ. ಈ ವಾರವೇ ಮಾಡಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಡೆದದ್ದು ಕಮ್ಮಿ, ಮತ್ತೆ ಯಾಕೆ ಬಿದ್ರು ಅಂತ ಕೇಳಿದ್ದೀರಿ. ಅಮ್ಮ ಅಲುಗಾಡದೆ ಒಂದು ಗಂಟೆ ನಿಂತಿದ್ರಲ್ಲ, ಅದೇ ಕಾರಣ. ನಾವು ಎದ್ದು ನಿಂತ ಕೂಡ್ಲೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೊಟ್ಟೆಯ ಕೆಳಭಾಗಕ್ಕೆ, ಕಾಲಿಗೆ ಇಳೀತದೆ. ಅದನ್ನ ಮೇಲೆ ಕಳಿಸೋದು ಮೀನಖಂಡ, ಪ್ರತಿ ಹೆಜ್ಜೆಗೂ ಆ ಸ್ನಾಯು ಹಿಂಡಿ ರಕ್ತವನ್ನ ಹೃದಯದ ಕಡೆ ತಳ್ಳುತ್ತದೆ, ಬಾವಿಕಟ್ಟೆಯ ಪಂಪಿನ ಹಾಗೆ. ನಡೆಯುವಾಗ ಪಂಪು ಓಡ್ತಾ ಇರ್ತದೆ. ಕ್ಯೂನಲ್ಲಿ ಹತ್ತು ನಿಮಿಷಕ್ಕೆ ಎರಡು ಹೆಜ್ಜೆ, ಪಂಪು ಬಂದ್. ಅದ್ರ ಮೇಲೆ ಸೆಕೆಗೆ ಮೈ ತಂಪು ಮಾಡ್ಲಿಕ್ಕೆ ಅಂತ ಚರ್ಮದ ರಕ್ತನಾಳ ಎಲ್ಲ ಅಗಲ ಆಗಿರ್ತದೆ, ಅಲ್ಲಿಗೂ ರಕ್ತ ಹೋಯ್ತು. ಕೊನೆಗೆ ತಲೆಗೆ ಸಿಗೋದು ಕಮ್ಮಿ, ಕಣ್ಣು ಕತ್ತಲೆ, ಕಿವಿ ಗುಂಯ್, ಕುಸಿಯೋದು. ಬಿದ್ದು ಅಡ್ಡ ಮಲಗಿದ ಕೂಡ್ಲೆ ತಲೆಗೆ ರಕ್ತ ಸಿಗ್ತದೆ, ಎಚ್ಚರ ಆಗ್ತದೆ. ನೀವು ಹೇಳಿದ ಆ ಕುರ್ಚಿ ಮೇಲೆ ಕೂರಿಸಿದ್ದು ಉಂಟಲ್ಲ, ಒಳ್ಳೆ ಮನಸ್ಸಿಂದಲೇ ಮಾಡಿದ್ದು ಪಾಪ, ಆದ್ರೆ ಎರಡನೇ ಸಲ ಪ್ರಜ್ಞೆ ತಪ್ಪಿದ್ದು ಅದಕ್ಕೇ, ರಕ್ತ ಮತ್ತೆ ಕೆಳಗೆ ಇಳೀತು.

ದಾವಣಗೆರೆ 38 ತಡ್ಕೊಂಡವರು ಮಂಗಳೂರು 33 ತಡ್ಕೊಳ್ಲಿಲ್ಲ ಅಂತ ನಿಮ್ಗೆ ಆಶ್ಚರ್ಯ. ನಮ್ಗೆ ಆಶ್ಚರ್ಯ ಇಲ್ಲ. ಬೆವರು ಬಂದ್ರೆ ಮೈ ತಂಪಾಗೋದಿಲ್ಲ, ಬೆವರು ಆರಿದ್ರೆ ತಂಪಾಗೋದು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದ್ರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಗೆ ಹೋಗ್ತದೆ, ಅದೇ ಒಂದು ಲೀಟರ್ ಗಲ್ಲದಿಂದ ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ರೆ ಹೋಗೋದು ನೀರು ಮತ್ತು ಉಪ್ಪು ಮಾತ್ರ, ಶಾಖ ಒಳಗೇ ಉಳೀತದೆ. ನಿಮ್ಮ ಕಡೆ ಒಣ ಹವೆ, ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರ್ತದೆ. ಇಲ್ಲಿ ಕಡಲಿನ ತೇವ, ಗಾಳಿಯಲ್ಲಿ ಜಾಗವೇ ಇಲ್ಲ, ಸೀರೆ ಬೆನ್ನಿಗೆ ಅಂಟಿಕೊಂಡೇ ಇರ್ತದೆ. ನಾವು ಇದಕ್ಕೆ ಬಿಸಿಲು ಅಂತ ಹೇಳೋದಿಲ್ಲ, ಸೆಕೆ ಅಂತ ಹೇಳೋದು, ನೆರಳಲ್ಲಿ ಕೂತ್ರೂ ಸೆಕೆ ಸೆಕೆಯೇ. ಹೊಸ ಹವೆಗೆ ದೇಹ ಒಗ್ಗಲಿಕ್ಕೆ ಒಂದರಿಂದ ಎರಡು ವಾರ ಬೇಕು, ನೀವು ಕೊಟ್ಟದ್ದು ಆರು ಗಂಟೆ. ಹಾಗಾಗಿ ಚಿಕ್ಕಪ್ಪ ಹೇಳಿದ ಹವಾ ಆಗಿಬರಲ್ಲ ಅನ್ನೋ ಮಾತಲ್ಲಿ ಅರ್ಧ ಸತ್ಯ ಉಂಟು, ಕುಚ್ಚಲಕ್ಕಿಯದ್ದು ಮಾತ್ರ ಏನೂ ತಪ್ಪಿಲ್ಲ, ಅಮ್ಮ ಅದನ್ನ ತಿಂದೇ ಇಲ್ಲವಲ್ಲ! ತಿಂದಿದ್ರೆ ಒಳ್ಳೇದಿತ್ತು. ಇಲ್ಲಿ ಗದ್ದೆ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ ಹೊಡ್ದು ಹೋಗೋದು ಬಡತನಕ್ಕೆ ಮಾತ್ರ ಅಲ್ಲ, ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ ಸಿಗ್ತದೆ.

ದೃಷ್ಟಿ ವಿಷಯ ಅತ್ತೆಯವರ ನಂಬಿಕೆ, ನಿವಾಳಿಸಿದ್ರೆ ತೊಂದರೆ ಏನಿಲ್ಲ, ಇಸಿಜಿ ಮಾಡಿಸಿ ಬಂದ ಮೇಲೆ ನಿವಾಳಿಸ್ಲಿ.

ಇನ್ನು ಮಾತ್ರೆಗಳು. ಫೋಟೋ ನೋಡಿದೆ, ನಿಜ ಹೇಳ್ಬೇಕಂದ್ರೆ ನೋಡಿದ ಕೂಡ್ಲೆ ನನ್ಗೆ ಅರ್ಧ ಉತ್ತರ ಸಿಕ್ಕಿತು. ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಅಂತ ಉಂಟು, ಈ ಎರಡನೇದು ಮೂತ್ರದಲ್ಲಿ ಉಪ್ಪು, ನೀರು ಹೊರಗೆ ಹಾಕೋ ಔಷಧಿ. ದಿನಾ ಮನೆಯಲ್ಲಿ ಇರುವಾಗ ಒಳ್ಳೆ ಮದ್ದು, ಬೆವರಿ ಸೋರಿಹೋದ ದಿನ ಅದು ಇನ್ನೊಂದು ತೂತು. ಶುಗರ್ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್. ಗ್ಲಿಮೆಪಿರೈಡ್ ಕೆಲಸ ಏನಂದ್ರೆ ಊಟ ಬರ್ತದೆ ಅಂತ ಇನ್ಸುಲಿನ್ ಹೊರಗೆ ಬಿಡಿಸೋದು, ಊಟ ಬರದಿದ್ರೂ ಅದು ಬಿಡಿಸಿಯೇ ಬಿಡಿಸ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ಹನ್ನೊಂದೂವರೆ ವರೆಗೆ ಹೊಟ್ಟೆಗೆ ಏನೂ ಇಲ್ಲ ಅಂದ್ರೆ ಶುಗರ್ 70ಕ್ಕಿಂತ ಕೆಳಗೆ ಇಳಿಯೋ ಸಾಧ್ಯತೆ ತುಂಬ ಉಂಟು, ಅದಕ್ಕೂ ಬೆವರು, ನಡುಕ, ಕಣ್ಣು ಮಂಜು. ಗ್ಲೂಕೋಸ್ ಹಾಕೋ ಮೊದ್ಲು ಬೆರಳು ಚುಚ್ಚಿ ನೋಡಿದ್ರಾ ಅಂತ ನೀವು ಬರ್ದಿಲ್ಲ, ನೋಡಿದ್ರೆ ಈಗ ಊಹೆ ಮಾಡೋ ಕೆಲಸ ಇರ್ತಿರಲಿಲ್ಲ. ದಯವಿಟ್ಟು ಒಂದು ಗ್ಲೂಕೋಮೀಟರ್ ತಗೊಳ್ಳಿ, ಅಮ್ಮನ ವ್ಯಾನಿಟಿ ಬ್ಯಾಗಲ್ಲಿ ಇರ್ಲಿ.

ಮೂರನೇ ಮಾತ್ರೆ ಬಗ್ಗೆ ಯಾರೂ ಯೋಚನೆ ಮಾಡೋದೇ ಇಲ್ಲ. ಘಾಟಿಗೆ ಅಂತ ತಗೊಂಡ ವಾಂತಿ ಮಾತ್ರೆ. ಅದು ಪ್ರೊಮೆಥಾಜಿನ್. ನಿದ್ದೆ ಬರಿಸ್ತದೆ, ಬಾಯಿ ಒಣಗಿಸ್ತದೆ, ಎದ್ದು ನಿಂತಾಗ ಬಿಪಿ ಇಳಿಸ್ತದೆ, ಬೆವರು ಬರೋದನ್ನೂ ತಡೀತದೆ. ಒಂದು ಮಾತ್ರೆಯ ಅಮಲೇ ಮರುದಿನ ಬೆಳಿಗ್ಗೆ ವರೆಗೆ ಇರ್ತದೆ, ಅಮ್ಮ ಎರಡು ತಗೊಂಡಿದ್ದಾರೆ, ಎರಡನೇದು ನಡುರಾತ್ರಿ. ವಯಸ್ಸಾದವರಿಗೆ ನಾನಂತೂ ಇದನ್ನ ಕೊಡ್ಲಿಕ್ಕೆ ಹಿಂಜರಿತೇನೆ. ಮುಂದಿನ ಸೀಟು, ಮಲಗದೆ ದೂರಕ್ಕೆ ನೋಟ, ರಾತ್ರಿ ಊಟ ಸ್ವಲ್ಪವೇ, ಇಷ್ಟರಲ್ಲೇ ಹೆಚ್ಚಿನವರಿಗೆ ಆಗ್ತದೆ, ಹಗಲು ಬಸ್ಸು ಆದ್ರೆ ಇನ್ನೂ ಒಳ್ಳೇದು.

ಇನ್ನೊಂದು ವಿಷಯ ನೀವು ಬರ್ದಿಲ್ಲ, ಆದ್ರೆ ನಾನು ಕೇಳ್ತೇನೆ. ಅಮ್ಮ ಆ ದಿನ ನೀರು ಎಷ್ಟು ಕುಡಿದ್ರು? ಮಗನ ಹತ್ರ ಹೇಳ್ಲಿಕ್ಕಿಲ್ಲ, ಅಕ್ಕನೋ ಹೆಂಡತಿಯೋ ಇದ್ರೆ ಅವರ ಹತ್ರ ಕೇಳಿಸಿ. ನನ್ನ ಹತ್ರ ಬರೋ ಹೆಂಗಸರು ಹತ್ತರಲ್ಲಿ ಎಂಟು ಮಂದಿ ಹೇಳೋದು ಒಂದೇ, ಬಸ್ಸು ಹತ್ತೋ ಮೊದ್ಲಿಂದಲೇ ನೀರು ಕುಡಿಯೋದು ನಿಲ್ಲಿಸಿದ್ದೆ ಡಾಕ್ಟ್ರೇ, ಟಾಯ್ಲೆಟ್ ಎಲ್ಲಿ ಅಂತ ಹುಡುಕೋದು. ಬಸ್ಸು ಗಂಡಸರಿಗೆ ರಸ್ತೆ ಬದಿ ನಿಲ್ತದೆ, ಹೆಂಗಸರು ತಡ್ಕೊಳ್ಳೋದು. ನನ್ಗೆ ಇದನ್ನ ಕೇಳಿ ಕೇಳಿ ಬೇಸರ ಆಗಿ ಹೋಗಿದೆ, ನಾಲ್ಕು ದಿನ ಬಿಟ್ಟು ಉರಿ ಮೂತ್ರ ಅಂತ ಅದೇ ಹೆಂಗಸರು ಬರ್ತಾರೆ. ಹಾಗಾಗಿ ಅಮ್ಮಾ ನೀರು ಕುಡೀರಿ ಅಂತ ನೂರು ಸಲ ಹೇಳೋದಕ್ಕಿಂತ ಮುಂದಿನ ಟಾಯ್ಲೆಟ್ ಎಲ್ಲಿ ಉಂಟು ಅಂತ ನೀವು ಮೊದ್ಲೇ ನೋಡಿ ಅವರಿಗೆ ಹೇಳಿಡಿ, ನೀರು ತಾನಾಗಿ ಒಳಗೆ ಹೋಗ್ತದೆ. ಬೆಳಿಗ್ಗೆ ಐದೂವರೆಗೆ ಇಳಿದು ಹನ್ನೆರಡರ ರೂಮಿಗೆ ಕಾಯೋ ಬದಲು ನಾಲ್ಕು ಗಂಟೆಯ ಮಟ್ಟಿಗೆ ಅಂತ ಒಂದು ಸಾದಾ ಲಾಡ್ಜು ತಗೊಂಡಿದ್ರೆ ಸ್ನಾನ, ಶೌಚ, ಎರಡು ಗಂಟೆ ಕಾಲು ಚಾಚಿ ಮಲಗೋದು ಎಲ್ಲ ಆಗ್ತಿತ್ತು. ಆ ಖರ್ಚು ದಂಡ ಅಲ್ಲ.

ಗ್ಲೂಕೋಸ್ ಬಾಟ್ಲಿ ಬಗ್ಗೆ ಒಂದು ಮಾತು, ಯಾಕಂದ್ರೆ ಸುಸ್ತು ಅಂತ ಬಂದವರೆಲ್ಲ ಡ್ರಿಪ್ ಹಾಕಿ ಅಂತ ಕೇಳ್ತಾರೆ. 5 ಪರ್ಸೆಂಟಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರೋದು 25 ಗ್ರಾಂ ಗ್ಲೂಕೋಸ್, ಅಂದ್ರೆ ಐದು ಚಮಚ ಸಕ್ಕರೆಯಷ್ಟು. ಶುಗರ್ ಇಳಿದು ಎಚ್ಚರ ತಪ್ಪಿದ್ರೆ ಅಥವಾ ಬಾಯಿಂದ ಕುಡೀಲಿಕ್ಕೆ ಆಗದಿದ್ರೆ ಡ್ರಿಪ್ ಬೇಕೇ ಬೇಕು, ಎಚ್ಚರ ಇದ್ದು ನುಂಗುವವರಿಗೆ ಒಂದು ಲೋಟ ಒಆರ್‌ಎಸ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡ್ತದೆ. ಒಆರ್‌ಎಸ್ ಅಂದ್ರೆ ಪುಡಿಯ ಪೊಟ್ಟಣ, ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರ್ದಿರೋದು, ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಬೀಳೋ ಲೆಕ್ಕದ್ದು. ಅಂಗಡಿಯಲ್ಲಿ ಬಣ್ಣದ ಟೆಟ್ರಾ ಪ್ಯಾಕಲ್ಲಿ ಸಿಗೋ ಸಿಹಿ ಜ್ಯೂಸ್ ಅಲ್ಲ, ಅಂಥವಕ್ಕೆ ಒಆರ್‌ಎಸ್ ಅಂತ ಹೆಸರು ಇಡೋ ಹಾಗಿಲ್ಲ ಅಂತ 2025ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶವೇ ಮಾಡಿದೆ. ಪೊಟ್ಟಣ ಸಿಗದಿದ್ರೆ ಒಂದು ಲೀಟರ್ ಕುಡಿಯೋ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮತಟ್ಟಾಗಿ ಇರ್ಲಿ. ಬಿಪಿ ಇದ್ದವರು ಉಪ್ಪು ಕುಡೀಬಹುದಾ ಅಂತ ಕೇಳ್ತೀರಿ, ತುಂಬ ಬೆವರಿದ ಒಂದು ದಿನ ಎರಡು ಮೂರು ಲೋಟ ಕುಡಿದ್ರೆ ತೊಂದರೆ ಇಲ್ಲ, ಹಾರ್ಟ್ ಫೇಲ್ಯೂರ್ ಅಥವಾ ಕಿಡ್ನಿ ತೊಂದರೆ ಇದ್ದವರು ಮಾತ್ರ ಅವರ ಡಾಕ್ಟ್ರನ್ನ ಕೇಳಿಯೇ ಕುಡೀಬೇಕು.

ಬೊಂಡ ಕುಡಿಸಿದ್ರೆ ಸಾಕಲ್ವಾ ಅಂತ ಎಲ್ರೂ ಕೇಳೋದು. ನೀವು ಎಳನೀರು ಅನ್ನೋದು, ನಮ್ಗೆ ಬೊಂಡ, ಉಡುಪಿ ಕಡೆ ಸೀಯಾಳ. ಒಳ್ಳೆ ಪಾನೀಯವೇ, ನಾನೂ ಕುಡೀತೇನೆ, ಆದ್ರೆ ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋದದ್ದು ಸೋಡಿಯಂ. ಒಂದು ಬೊಂಡ ಕುಡಿದು ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ಗೋಳಿಬಜೆಯೋ ತಿಂದ್ರೆ ಲೆಕ್ಕ ಸರಿ ಆಗ್ತದೆ. ಟೆಲ್ಮಿಸಾರ್ಟಾನ್ ಪೊಟ್ಯಾಸಿಯಂ ಏರಿಸೋ ಮಾತ್ರೆ, ಹಾಗಾಗಿ ಕಿಡ್ನಿ ಸ್ವಲ್ಪ ವೀಕ್ ಇದ್ದವರು ದಿನಕ್ಕೆ ನಾಲ್ಕೈದು ಬೊಂಡ ಏರಿಸೋದು ಬೇಡ. ಬರೀ ನೀರನ್ನೇ ಐದಾರು ಲೀಟರ್ ಕುಡಿಯೋದೂ ಬೇಡ, ಆ ಥಯಾಜೈಡ್ ಮಾತ್ರೆ ತಗೊಳ್ಳುವವರಿಗೆ ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲ, ವಾಂತಿ ಶುರು ಆಗಿ ಅಡ್ಮಿಟ್ ಮಾಡಿದ್ದು ನಾನು ನೋಡಿದ್ದೇನೆ.

ಇನ್ನೊಮ್ಮೆ ಯಾರಾದ್ರೂ ಕ್ಯೂನಲ್ಲಿ ಕುಸಿದ್ರೆ ಅಲ್ಲೇ ನೆಲದ ಮೇಲೆ ಮಲಗಿಸಿ, ಕಾಲು ಒಂದು ಅಡಿ ಎತ್ತಿ ಹಿಡೀರಿ, ಬ್ಯಾಗ್ ಮೇಲೆ ಇಟ್ರೂ ಆಯ್ತು, ಜನರನ್ನ ದೂರ ಸರಿಸಿ ಗಾಳಿ ಬೀಸಿ. ಪೂರ್ತಿ ಎಚ್ಚರ ಆಗೋವರೆಗೆ ಬಾಯಿಗೆ ನೀರು ಬಿಡ್ಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ. ಕೈಗೆ ಕೀಲಿಕೈ ಕೊಡೋದು, ಈರುಳ್ಳಿ ಮೂಸಿಸೋದು ಯಾವುದೂ ಬೇಡ. ಎಚ್ಚರ ಆದ ಮೇಲೂ ಹತ್ತು ನಿಮಿಷ ಮಲಗಿರ್ಲಿ, ಮತ್ತೆ ಕೂತು, ಮತ್ತೆ ನಿಲ್ಲೋದು. ಒಂದೆರಡು ನಿಮಿಷದಲ್ಲಿ ಎಚ್ಚರ ಆಗದಿದ್ರೆ, ಮಾತು ತೊದಲಿದ್ರೆ, ಏನೇನೋ ಮಾತಾಡಿದ್ರೆ, ಮೈ ಕೆಂಡದ ಹಾಗೆ ಸುಟ್ರೆ ಅದು ಹೀಟ್ ಸ್ಟ್ರೋಕ್ ಅಂತಲೇ ತಿಳ್ಕೊಂಡು 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೆ ಬಟ್ಟೆ ಸಡಿಲ ಮಾಡಿ ಮೈಗೆ ನೀರು ಸುರಿದು ಗಾಳಿ ಹಾಕ್ತಾ ಇರಿ. ಇಂಥ ಜ್ವರಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡೋದಿಲ್ಲ.

ಸರಿ, ಉಡುಪಿ. ಇಸಿಜಿ ಸರಿ ಇದ್ರೆ ಕರ್ಕೊಂಡು ಹೋಗಿ, ಆದ್ರೆ ನೀವು ಬರೆದ ಪ್ಲಾನಲ್ಲಿ ಅಲ್ಲ. ಮೇ ಮೊದಲ ವಾರ ಅಂದ್ರೆ ಶಾಲೆಗೆ ರಜೆ, ಮಠದಲ್ಲಿ ಜನ, ಮಳೆ ಬರೋ ಮೊದಲಿನ ಸೆಕೆ ಎಲ್ಲ ಒಟ್ಟಿಗೆ. ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಬೋಟು, ಬೋಟಿಗೂ ಕ್ಯೂ, ಅಲ್ಲಿ ಹೋದ್ರೆ ಕಾದ ಬಂಡೆ ಮತ್ತು ಮರಳು, ಮಧ್ಯಾಹ್ನ ಅಮ್ಮನನ್ನ ಅಲ್ಲಿ ನಿಲ್ಲಿಸೋದು ನನ್ಗೆ ಸುತರಾಂ ಇಷ್ಟ ಇಲ್ಲ. ಆ ಬಂಡೆಗಳ ಕಂಬ ನೋಡಲೇಬೇಕು ಅಂತಿದ್ರೆ ಡಿಸೆಂಬರ್ ಜನವರಿಯಲ್ಲಿ ಬನ್ನಿ. ಮಳೆಗಾಲದಲ್ಲಿ ಸೆಕೆ ಕಮ್ಮಿ, ಆದ್ರೆ ಬೋಟು ಇರೋದಿಲ್ಲ, ದೇವಸ್ಥಾನದ ಕಲ್ಲು ಪಾಚಿ ಕಟ್ಟಿ ಜಾರ್ತದೆ, ಆ ವಯಸ್ಸಲ್ಲಿ ಸೊಂಟದ ಮೂಳೆ ಮುರಿಯೋದು ತಲೆ ತಿರುಗಿ ಬೀಳೋದಕ್ಕಿಂತ ದೊಡ್ಡ ಕಷ್ಟ.

ನಾನಾಗಿದ್ರೆ ಹಗಲು ಬಂದು ಸಂಜೆ ಉಡುಪಿ ಮುಟ್ಟಿ ರಾತ್ರಿ ಅಲ್ಲೇ ರೂಮ್ ಮಾಡಿ ನಿದ್ದೆ ಮಾಡ್ತಿದ್ದೆ. ಬೆಳಿಗ್ಗೆ ಬೇಗ, ರಥಬೀದಿ ಇನ್ನೂ ತಂಪಿರುವಾಗ ದರ್ಶನ. ಖಾಲಿ ಹೊಟ್ಟೆಯಲ್ಲಿ ಹೋಗ್ತೇನೆ ಅಂತ ಅಮ್ಮ ಹಠ ಮಾಡಿದ್ರೆ ಮಾಡ್ಲಿ, ನಂಬಿಕೆಯನ್ನ ನಾವು ಒಡೀಬಾರ್ದು, ಆದ್ರೆ ಹಾಗಿದ್ರೆ ಶುಗರ್ ಮಾತ್ರೆಯೂ ದರ್ಶನ ಮುಗಿದು ತಿಂಡಿ ತಿನ್ನುವಾಗಲೇ. ಇದನ್ನ ನಿಮ್ಮ ಊರಿನ ಡಾಕ್ಟ್ರ ಹತ್ರ ಹೇಳಿ ಗಟ್ಟಿ ಮಾಡ್ಕೊಳ್ಳಿ, ಬಿಪಿ ಮಾತ್ರೆಯ ಆ ನೀರು ಹೋಗೋ ಭಾಗವನ್ನ ಪ್ರಯಾಣದ ದಿನಕ್ಕೆ ಬದಲಾಯಿಸ್ಬಹುದಾ ಅಂತಲೂ ಅವರನ್ನೇ ಕೇಳಿ. ನೀವಾಗಿ ನಿಲ್ಲಿಸ್ಬೇಡಿ, ಬಿಪಿ ಏರಿ ಸ್ಟ್ರೋಕ್ ಆದ್ರೆ ಇನ್ನೊಂದು ಗ್ರಹಚಾರ. ಕ್ಯೂ ಉದ್ದ ಇದ್ರೆ ನೀವು ನಿಲ್ಲಿ, ಅಮ್ಮ ಅಪ್ಪ ಕೂತಿರ್ಲಿ, ಹತ್ರ ಬಂದಾಗ ಕರೀರಿ, ಹಿಂದೆ ಮುಂದೆ ಇರುವವರಿಗೆ ಮೊದ್ಲೇ ಒಂದು ಮಾತು ಹೇಳಿದ್ರೆ ಯಾರೂ ಬೇಡ ಅನ್ನೋದಿಲ್ಲ. ನಿಲ್ಲಲೇಬೇಕಾದ್ರೆ ಹಿಮ್ಮಡಿ ಎತ್ತಿ ಇಳಿಸ್ತಾ ಇರ್ಲಿ, ಕಾಲು ಅಡ್ಡ ಹಾಕಿ ತೊಡೆ ಬಿಗಿ ಹಿಡೀಲಿ, ಅಷ್ಟರಿಂದಲೇ ಆ ಪಂಪು ಓಡ್ತದೆ. ಕಣ್ಣು ಕತ್ತಲೆ ಅಂತ ಅನ್ನಿಸಿದ ಕ್ಷಣ ನಾಚಿಕೆ ಬಿಟ್ಟು ನೆಲಕ್ಕೆ ಕೂತುಬಿಡ್ಬೇಕು, ಬೀಳೋವರೆಗೆ ಕಾಯೋದಲ್ಲ. ಜನ ತೀರಾ ಜಾಸ್ತಿ ಇದ್ರೆ ಕನಕನ ಕಿಂಡಿಯಿಂದ ಕೃಷ್ಣನನ್ನ ನೋಡಿ ಕೈ ಮುಗೀಲಿ, ಕನಕದಾಸರಿಗೆ ದರ್ಶನ ಕೊಟ್ಟ ಕಿಂಡಿ ಅದು, ಅಮ್ಮನಿಗೆ ಕಮ್ಮಿ ಅಂತ ಅನ್ನಿಸ್ಲಿಕ್ಕಿಲ್ಲ.

ಪಾದದ ಬಗ್ಗೆ ಮರೀಬೇಡಿ. ಶುಗರ್ ಇರುವವರಿಗೆ ಪಾದದ ಸ್ಪರ್ಶ ಕಮ್ಮಿ ಆಗಿರ್ಬಹುದು, ಚಪ್ಪಲಿ ಕಾರಲ್ಲೇ ಬಿಟ್ಟು ಮಧ್ಯಾಹ್ನದ ಡಾಮರು, ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಬೊಬ್ಬೆ ಬಂದದ್ದು ಮರುದಿನ ರಕ್ತ ನೋಡಿ ಗೊತ್ತಾದವರು ನನ್ನ ಹತ್ರ ಬಂದಿದ್ದಾರೆ, ಒಬ್ಬರಿಗೆ ಆ ಗಾಯ ವಾಸಿ ಆಗ್ಲಿಕ್ಕೆ ಮೂರು ತಿಂಗಳು ಬೇಕಾಯ್ತು. ಚಪ್ಪಲಿ ಸ್ಟಾಂಡಿನವರೆಗೂ ಚಪ್ಪಲಿ ಹಾಕ್ಕೊಂಡೇ ಹೋಗ್ಲಿ, ರಾತ್ರಿ ಮಲಗೋ ಮೊದ್ಲು ಅಮ್ಮನ ಅಂಗಾಲು ನೀವೇ ಟಾರ್ಚ್ ಹಾಕಿ ನೋಡಿ.

ಮಧ್ಯಾಹ್ನ ಪ್ರಸಾದ ಊಟ ಆದ ಮೇಲೆ ಒಂದೆರಡು ಗಂಟೆ ವಯಸ್ಸಾದವರ ಬಿಪಿ ಇನ್ನೂ ಸ್ವಲ್ಪ ಇಳೀತದೆ, ರಕ್ತ ಹೊಟ್ಟೆಗೆ ಹೋಗಿರ್ತದೆ, ಆ ಹೊತ್ತಿಗೆ ರೂಮಿಗೆ ಹೋಗಿ ಫ್ಯಾನ್ ಕೆಳಗೆ ಮಲಗ್ಲಿ. ಎಸಿ ಆದ್ರೂ ತೊಂದರೆ ಇಲ್ಲ, ಎಸಿಯಿಂದ ಹೊರಗೆ ಬಂದ್ರೆ ಸ್ಟ್ರೋಕ್ ಹೊಡೀತದೆ ಅನ್ನೋದನ್ನ ನಂಬಿ ಸೆಕೆಯಲ್ಲೇ ಬೇಯಿಸ್ಬೇಡಿ. ಸಂಜೆ ಐದರ ಮೇಲೆ ಮಲ್ಪೆ ಕಡಲ ಕರೆ, ಗಾಳಿ ಇರ್ತದೆ, ಕೂತ್ಕೊಳ್ಳಿಕ್ಕೆ ಜಾಗ ಉಂಟು, ಅಲೆ ನೋಡ್ತಾ ಇರ್ಲಿ.

ಅಪ್ಪನ ಬಗ್ಗೆ ಕಾಲು ಬಾತಿತ್ತು ಅಂತ ಒಂದೇ ಸಾಲು ಬರ್ದಿದ್ದೀರಿ ಅಲ್ವಾ, ಎರಡೂ ಕಾಲು ಸಮ ಬಾತು ರಾತ್ರಿ ಕಳೆದು ಇಳಿದಿದ್ರೆ ಅದು ಬಸ್ಸಲ್ಲಿ ಕಾಲು ಇಳಿಬಿಟ್ಟು ಕೂತದ್ದಕ್ಕೆ. ಒಂದೇ ಕಾಲು ಬಾತು ಮೀನಖಂಡ ನೋವಿದ್ರೆ ರಕ್ತ ಹೆಪ್ಪುಗಟ್ಟಿರ್ಬಹುದು, ತಡ ಮಾಡದೆ ತೋರಿಸಿ.

ಹೊರಡೋ ಮೊದ್ಲು ನಿಮ್ಮ ಡಾಕ್ಟ್ರ ಹತ್ರ ಅಮ್ಮನ ಬಿಪಿ ಎರಡು ಸಲ ನೋಡಿಸಿ, ಐದು ನಿಮಿಷ ಮಲಗಿದ ಮೇಲೆ ಒಂದು ಸಲ, ಎದ್ದು ನಿಂತು ಮೂರು ನಿಮಿಷದ ಒಳಗೆ ಇನ್ನೊಂದು ಸಲ. ಮೇಲಿನ ನಂಬರು 20 ಅಥವಾ ಅದಕ್ಕಿಂತ ಜಾಸ್ತಿ ಇಳಿದ್ರೆ ಮೇ ತಿಂಗಳ ಟಿಕೆಟ್ ಬುಕ್ ಮಾಡ್ಬೇಡಿ, ಮೊದ್ಲು ಮಾತ್ರೆ ಸರಿ ಮಾಡಿಸಿ. ಇಳಿಯದಿದ್ರೆ ಇಸಿಜಿ ಜೊತೆ ಆ ಎರಡು ನಂಬರೂ ಬರ್ದು ಕಳಿಸಿ, ನಾನು ನೋಡ್ತೇನೆ.